ಸೇವ್ ಆದಮೇಲೆ ಎದ್ದವರು

ಹೊನ್ನಾಳಿಯ ಬಸ್ ನಿಲ್ದಾಣದ ಹತ್ತಿರ ಒಬ್ಬ ಅಕ್ಕ ಡಿಟಿಪಿ ಅಂಗಡಿ ನಡೆಸುತ್ತಿದ್ದರು. ಬೆರಳಿಗೆ ರೂಢಿಯಾದ ಹಳೆಯ ಕನ್ನಡ ತಂತ್ರಾಂಶವನ್ನು ಬಿಟ್ಟವರಲ್ಲ. ಅದು ತಾನಾಗಿ ಏನನ್ನೂ ಉಳಿಸಿಡುತ್ತಿರಲಿಲ್ಲ. ಟೈಪ್ ಮಾಡುವಾಗ ಯಾರು ಕರೆದರೂ ತಲೆಯೆತ್ತದೆ, "ತಡೀರಿ, ಮೊದ್ಲು ಸೇವ್, ಆಮ್ಯಾಲೆ ಮಾತು" ಎನ್ನುತ್ತಿದ್ದರು.

ನನ್ನ ಎಂ.ಎ. ಪ್ರಬಂಧದ ಕೊನೆಯ ಅಧ್ಯಾಯ ಟೈಪಾಗುತ್ತಿದ್ದ ಮಧ್ಯಾಹ್ನ, ಪಕ್ಕದ ಲ್ಯಾಮಿನೇಶನ್ ಯಂತ್ರ ಹೊಗೆಯಾಡಿ ಹೊತ್ತಿಕೊಂಡಿತು. ನಾನು ಬಾಗಿಲಿಗೆ ಓಡಿದೆ.

"ಅಕ್ಕಾ, ಹೊರಗೆ ಬರ್ರಿ! ಹಾಳಾಗಿ ಹೋಗ್ಲಿ ಅದು!"

"ಬೆಳಗ್ಗಿಂದ ಟೈಪ್ ಹೊಡೆದಿದ್ದು ಐತ್ರೀ ಇದ್ರಾಗೆ. ಹೋದ್ರೆ ನಿಮ್ಮಪ್ಪ ಬಂದು ಹೊಡೀತಾನೇನು?"

ಬೆಂಕಿ ಮೇಜಿನ ಅಂಚಿಗೆ ಬಂದಿತ್ತು. ಸೆರಗಿಗೂ ಅದಕ್ಕೂ ಗೇಣು ದೂರ. ಆಕೆ ಸೇವ್ ಒತ್ತಿದರು, ಕಡತ ಪೆನ್‌ಡ್ರೈವ್‌ಗೆ ಇಳಿಯುವವರೆಗೂ ಪರದೆ ನೋಡುತ್ತ ಕೂತರು. ಪೆನ್‌ಡ್ರೈವ್ ಕಿತ್ತುಕೊಂಡು ಹೊರಬಂದಾಗ ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಆ ಗೇಣು ದೂರ ನನಗೆ ಈಗಲೂ ಕಣ್ಣ ಮುಂದೆ ಬರುತ್ತದೆ.

ಈಚೆಗೆ ಸಿಕ್ಕಾಗ, ನಾನೀಗ ಬಳಸುವ ತಂತ್ರಾಂಶ ಅಕ್ಷರ ಬಿದ್ದಂತೆಲ್ಲ ತಾನೇ ಉಳಿಸಿಕೊಳ್ಳುತ್ತದೆ, ಒಂದು ಪ್ರತಿಯನ್ನು ಬೇರೆಲ್ಲೋ ಇಡುತ್ತದೆ, ಕಂಪ್ಯೂಟರ್ ಸುಟ್ಟರೂ ಬರೆದದ್ದು ಸಿಗುತ್ತದೆ ಎಂದೆ.

ಆಕೆ ಸುಟ್ಟ ಕಲೆಯಿದ್ದ ಎಡಗೈ ಸವರಿಕೊಂಡರು.

"ಹಂಗಾದ್ರೆ ಬೆಂಕಿ ಬಿದ್ರೆ ಎದ್ದು ಓಡಾಕೆ ಆಗ್ತೈತೆ ಅನ್ರಿ."