ಮೇಜಿನ ಮೇಲಿಟ್ಟ ಉತ್ತರ

ಮೊದಲು ಕಂಡದ್ದು ಕಲ್ಲುಗಳು. ಮೊಳಕಾಲೆತ್ತರದ, ಸುಣ್ಣ ಬಳಿದ, ತಲೆಯ ಮೇಲೆ ಕಪ್ಪು ಬಾಣದ ಗುರುತಿದ್ದ ಕಲ್ಲುಗಳು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ವೈ.ಎನ್.ಹೊಸಕೋಟೆಯಿಂದಾಚೆ, ಆಂಧ್ರದ ಗಡಿಯ ಹತ್ತಿರ, ಕುರಿ ಸಾಕುವವರ ಒಂದು ಹಟ್ಟಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ಒಂದೇ ಕೋಣೆಯ ಸರ್ಕಾರಿ ಶಾಲೆ, ಅದಕ್ಕೆ ನಾನೊಬ್ಬನೇ ಮೇಷ್ಟ್ರು. ನನ್ನೂರು ತೋವಿನಕೆರೆಯ ಪಕ್ಕ. ಶನಿವಾರ ಬಂತೆಂದರೆ ಹುಲ್ಲುಗಾವಲನ್ನು ಅಡ್ಡ ಹಾಯ್ದು ಮಧುಗಿರಿ ಬಸ್ಸಿಗೆ ಓಡುತ್ತಿದ್ದೆ. ಹಾಗೆ ಓಡುವಾಗಲೇ ಒಂದು ಕಲ್ಲನ್ನು ಎಡವಿ ಹೆಬ್ಬೆರಳು ಒಡೆದುಕೊಂಡೆ.

ಯಾರು ನೆಟ್ಟರು, ಯಾಕೆ ನೆಟ್ಟರು, ಹಟ್ಟಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಂದು ಜೀಪು ಬಂದಿತ್ತಂತೆ. ಇಳಿದವರು ಸರಪಳಿ ಎಳೆದು ಅಳತೆ ಮಾಡಿದರಂತೆ. ಕೇಳಿದ್ದಕ್ಕೆ ಒಬ್ಬ ಸುಮ್ಮನೆ ನಕ್ಕನಂತೆ.

ಆ ಹುಲ್ಲುಗಾವಲೇ ಹಟ್ಟಿಯ ಜೀವ. ಕುರಿ ಮೇಯುವುದು ಅಲ್ಲಿ, ನೀರು ಕುಡಿಯುವ ಕುಂಟೆ ಅಲ್ಲಿ, ಸತ್ತವರನ್ನು ಮಣ್ಣು ಮಾಡುವುದೂ ಅಲ್ಲೇ. ಅದು ಹೋದರೆ ಹಟ್ಟಿ ಎದ್ದು ಹೋಗಬೇಕು. ಹಟ್ಟಿಯ ಯಜಮಾನರು ದಿನಾ ಬೆಳಿಗ್ಗೆ ಕಂಬಳಿ ಹೊದ್ದು ಕಲ್ಲುಗಳನ್ನು ನೋಡಿಬರುತ್ತಿದ್ದರು. "ಮೇಷ್ಟ್ರೇ, ನೆನ್ನೆ ಇದು ಇಲ್ಲಿರ್ಲಿಲ್ಲ" ಎನ್ನುತ್ತಿದ್ದರು. ಅವರ ಮಾತು ನಿಜ. ವಾರದಿಂದ ವಾರಕ್ಕೆ ಕಲ್ಲುಗಳ ಸಾಲು ಹಟ್ಟಿಯ ಕಡೆಗೇ ಬರುತ್ತಿತ್ತು. ಪೇಟೆಯಲ್ಲಿ ವಿಚಾರಿಸಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅದು ಸೆಂಟ್ರಲ್ ಗೌರ್ಮೆಂಟಿನದು, ಡೆಲ್ಲಿಯಲ್ಲೇ ಕೇಳಬೇಕು.

ನನ್ನ ಭಾವಮೈದುನ ಆಗ ದೆಹಲಿಯಲ್ಲಿ ರೈಲ್ವೆ ಗುಮಾಸ್ತನಾಗಿದ್ದ. ಅವನ ಪಕ್ಕದ ಮನೆಯಾತ ಬೇರೆ ರಾಜ್ಯದ ಲೋಕಸಭಾ ಸದಸ್ಯರೊಬ್ಬರಿಗೆ ಟೈಪಿಸ್ಟ್. ಒಣ ತಾಲ್ಲೂಕುಗಳ ಹುಲ್ಲುಗಾವಲನ್ನು ಕೇಂದ್ರದ ಯೋಜನೆಗಳಿಗೆ ತೆಗೆದುಕೊಳ್ಳುತ್ತಿರುವ ಬಗ್ಗೆ ಆ ಸದಸ್ಯರು ಸದನದಲ್ಲಿ ಪ್ರಶ್ನೆ ಕೇಳಲಿದ್ದಾರೆ, ಅದರಲ್ಲಿ ನಮ್ಮ ಪಾವಗಡ ತಾಲ್ಲೂಕಿನ ಹೆಸರೂ ಇದೆ ಎಂದು ಭಾವಮೈದುನ ತಿಳಿಸಿದ. ಬರುವುದಾದರೆ ಪ್ರೇಕ್ಷಕರ ಗ್ಯಾಲರಿಗೆ ಪಾಸು ಕೊಡಿಸುತ್ತೇನೆ ಎಂದೂ ಹೇಳಿದ.

"ಹೋಗಾನ" ಎಂದರು ಯಜಮಾನರು.

"ಪೇಪರಿನಲ್ಲಿ ಬಂದರೆ ನಾನೇ ಓದಿ ಹೇಳ್ತೀನಿ ಯಜಮಾನ್ರೇ, ಅಷ್ಟು ದೂರ ಯಾಕೆ?"

"ಪೇಪರ್ನಾಗೆ ಕುರಿ ಮೇಯ್ಸೋರ ಸುದ್ದಿ ಯಾವತ್ತು ಬಂದೈತೆ? ನಮ್ ಕಿವೀಲೆ ಕೇಳ್ಕಂಡ್ ಬರಾನ ನಡೀರಿ."

ಹೋದೆವು. ಸದನದ ಬಾಗಿಲಲ್ಲಿ ಅವರ ಕಂಬಳಿಯನ್ನು ಈಸಿಕೊಂಡು ಒಂದು ಬಿಲ್ಲೆ ಕೊಟ್ಟರು. ಮೇಲೆ ಗ್ಯಾಲರಿಯಲ್ಲಿ ಕೂರಿಸಿ, ಮಾತಾಡಬಾರದು, ಬಗ್ಗಿ ನೋಡಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದು ಸನ್ನೆಯಲ್ಲೇ ಹೇಳಿದರು. ಕೆಳಗೆ ಸಕ್ಕರೆಯ ಬಗ್ಗೆ ಮಾತು ಹತ್ತಿಕೊಂಡಿತು. ಸಕ್ಕರೆ ಮುಗಿಯುವ ಹೊತ್ತಿಗೆ ಸಿಮೆಂಟು ಬಂತು. ಸಿಮೆಂಟಿಗೆ ಜಗಳವಾಯಿತು. ಅಷ್ಟರಲ್ಲಿ ಪ್ರಶ್ನೆ ಕೇಳುವ ಹೊತ್ತೇ ಮುಗಿದುಹೋಯಿತು. ನಮ್ಮ ಪ್ರಶ್ನೆ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು.

"ಸರದಿ ಬರದ ಪ್ರಶ್ನೆಗಳಿಗೆ ಉತ್ತರ ಬರೆದು ಸದನದ ಮೇಜಿನ ಮೇಲೆ ಇಟ್ಟುಬಿಡ್ತಾರೆ. ನಿಮ್ಮದಕ್ಕೂ ಇಟ್ಟಿದಾರೆ" ಎಂದು ಹೊರಗೆ ಬಂದಮೇಲೆ ಭಾವಮೈದುನ ವಿವರಿಸಿದ.

"ಅದರಲ್ಲಿ ಏನಿದೆ?"

"ಅದು ಮೆಂಬರುಗಳಿಗೆ ಮಾತ್ರ ಸಿಗುತ್ತೆ ಭಾವ. ಜನಕ್ಕೆ ಸಿಗೋದು ಪುಸ್ತಕ ಅಚ್ಚಾದ ಮೇಲೆ. ತಿಂಗಳುಗಟ್ಟಲೆ ಆಗುತ್ತೆ."

ಟೈಪಿಸ್ಟನನ್ನು ಹಿಡಿಯೋಣವೆಂದರೆ ಅಂದಿಗೆ ಅಧಿವೇಶನವೇ ಮುಗಿದು, ಆತ ತನ್ನ ಸಾಹೇಬರ ಜೊತೆ ಕಾಗದಪತ್ರಗಳ ಸಮೇತ ರೈಲು ಹತ್ತಿಯಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ರೈಲು ಬದಲಾಯಿಸಿ ಬಂದವರು ನಾವು. ನಮ್ಮ ಬದುಕಿನ ವಿಷಯ ನಮ್ಮ ಕಣ್ಣೆದುರಿಗೇ ಇದೆ, ನಮಗೆ ಮಾತ್ರ ಅದನ್ನು ಹೇಳುವವರಿಲ್ಲ! ಈಗ ಸದನವನ್ನು ಟಿವಿಯಲ್ಲಿ ನೋಡಬಹುದು, ಉತ್ತರಗಳು ಅವತ್ತೇ ಕಂಪ್ಯೂಟರಿನಲ್ಲಿ ಸಿಗುತ್ತವೆ ಎಂದು ನನ್ನ ಮೊಮ್ಮಗಳು ತೋರಿಸುತ್ತಾಳೆ. ಸಂತೋಷ. ಆದರೆ ಅದನ್ನು ನೋಡಿದಾಗಲೆಲ್ಲ ನನಗೆ ಆ ಗ್ಯಾಲರಿಯೇ ನೆನಪಾಗುತ್ತದೆ.

ಯಜಮಾನರು ಮಾತ್ರ ರೈಲಿನಲ್ಲಿ ನೆಮ್ಮದಿಯಾಗಿದ್ದರು. ಕಂಬಳಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಮೇಜಿನ ಮ್ಯಾಲೆ ಮಡಗಿದ್ರು ಅಂದ್ರಲ್ಲ ಮೇಷ್ಟ್ರೇ, ಯಾರಾನ ಬ್ಯಾಡ ಅಂತ ಎದ್ರಾ?"

"ಇಲ್ಲ, ಯಾರೂ ಮಾತೇ ಆಡಲಿಲ್ಲ."

"ಅಂಗಾರೆ ಆಯ್ತು ಬುಡಿ. ಅಯಿಪೋಯಿಂದಿ."

ಮುಗಿಯಿತು ಎಂದು ತೆಲುಗಿನಲ್ಲೂ ಹೇಳಿ ಅವರು ನಿದ್ದೆ ಹೋದರು. ಏನು ಮುಗಿಯಿತೆಂದು ನನಗೆ ತಿಳಿದದ್ದು ಹಟ್ಟಿಗೆ ಬಂದಮೇಲೆ. ಅಲ್ಲಿ ಒಂದು ಕಟ್ಟುಪಾಡಿತ್ತು. ಮದುವೆಯೋ ಜಗಳವೋ ಜಮೀನೋ, ಏನನ್ನಾದರೂ ಕೇಳುವವನು ಕೂಟದ ನಡುವೆ ಎಲೆಅಡಿಕೆಯ ತಟ್ಟೆ ಇಡಬೇಕು. ಒಪ್ಪದವನು ಎದ್ದು ತಟ್ಟೆಯನ್ನು ಪಕ್ಕಕ್ಕೆ ಸರಿಸಬೇಕು. ಯಾರೂ ಮುಟ್ಟದಿದ್ದರೆ ಕೇಳಿದ್ದು ದಕ್ಕಿತು. ಆಮೇಲೆ ಆ ವಿಷಯವನ್ನು ಮತ್ತೆ ಎತ್ತುವಂತಿಲ್ಲ, ಎತ್ತಿದವನಿಗೆ ದಂಡ. ಯಜಮಾನರು ದೆಹಲಿಯ ಆ ದೊಡ್ಡ ಕೂಟವನ್ನು ನೋಡಿದ್ದು ಇದೇ ಕಣ್ಣಿನಿಂದ. ನಮ್ಮ ವಿಷಯವನ್ನು ನಡುವೆ ಇಟ್ಟರು, ಯಾರೂ ಸರಿಸಲಿಲ್ಲ, ಹುಲ್ಲುಗಾವಲು ನಮಗೇ ಉಳಿಯಿತು ಎಂದು ಅವರು ಸಾರಿದಾಗ ಹಟ್ಟಿಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾನು ಕೂಗಾಡಿದೆ. ಅದು ಹಾಗಲ್ಲ, ಉತ್ತರದಲ್ಲಿ ಏನಿದೆಯೋ ಯಾರು ಕಂಡಿದ್ದಾರೆ, ಇಂಥದಕ್ಕೆಲ್ಲ ಒಂದು ಗಡುವಿರುತ್ತದಂತೆ, ಅದರೊಳಗೆ ತಕರಾರು ಅರ್ಜಿ ಕೊಡದಿದ್ದರೆ ಕೈತಪ್ಪಿ ಹೋಗುತ್ತದಂತೆ ಎಂದೆ. ಅರ್ಜಿಯನ್ನು ನಾನೇ ಬರೆದು ಮನೆಮನೆಗೆ ಹೊತ್ತು ತಿರುಗಿದೆ. ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ.

"ಒಪ್ಪಿದೋರ ಮುಂದೆ ತಿರ್ಗ ತಕರಾರು ಅಂತ ಹೋದ್ರೆ ಅವರ್ಗೆ ಅವಮಾನ ಮಾಡ್ದಂಗೆ ಕಣ್ ಮೇಷ್ಟ್ರೇ" ಎಂದರು ಯಜಮಾನರು. ನಾನು ಹೊರಗಿನವನು. ನನ್ನೊಬ್ಬನ ಸಹಿಗೆ ಹಟ್ಟಿಯಲ್ಲೂ ಬೆಲೆಯಿಲ್ಲ, ಕಚೇರಿಯಲ್ಲೂ ಬೆಲೆಯಿಲ್ಲ.

ಮಳೆ ಬಿತ್ತು. ಹಟ್ಟಿಯವರು ಕುಂಟೆಯ ಹೂಳೆತ್ತಿದರು, ಕಲ್ಲಿನ ಸಾಲಿನಾಚೆ ಹೊಸ ಕುರಿರೊಪ್ಪ ಕಟ್ಟಿದರು. ಅವರು ಹಾಡಿಕೊಂಡು ಕೆಲಸ ಮಾಡುವುದನ್ನು ನೋಡಿದರೆ ನನಗೆ ಭಯವಾಗುತ್ತಿತ್ತು. ಶೇಂಗಾ ಕೀಳುವ ಕಾಲಕ್ಕೆ ಲಾರಿಗಳು ಬಂದು ಕಬ್ಬಿಣದ ಕಂಬ, ಮುಳ್ಳುತಂತಿಯ ಸುರುಳಿಗಳನ್ನು ಇಳಿಸಿ ಹೋದವು. ಜೊತೆಗೆ ಯಾರೂ ಬರಲಿಲ್ಲ. ಅವು ಅಲ್ಲೇ ಬಿದ್ದಿದ್ದವು. ಕುರಿಗಳು ಅವುಗಳ ಹತ್ತಿರ ಹೋಗದೆ ಸುತ್ತು ಹಾಕಿ ಮೇಯುತ್ತಿದ್ದವು. "ನಮ್ಗೇ ಬೇಲಿ ಹಾಕ್ಕೊಡ್ತಾರೇನೋ" ಎಂದು ಒಬ್ಬಾಕೆ ಅಂದಳು. ಯಾರೂ ನಗಲಿಲ್ಲ.

ಆಮೇಲೆ ಭಾವಮೈದುನ ಕಳಿಸಿದ, ಸದನದ ಉತ್ತರಗಳು ಅಚ್ಚಾದ ಪುಸ್ತಕ ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿತ್ತು. ಶಾಲೆಯ ಜಗಲಿಯಲ್ಲಿ ಕೂತು, ಡಿಕ್ಷನರಿ ಹಿಡಿದು, ಯಜಮಾನರಿಗೆ ಕನ್ನಡದಲ್ಲಿ ಹೇಳಿದೆ. ಪಾವಗಡ ಕಡೆಯ ಆ ಪ್ರದೇಶದಲ್ಲಿ ಜನವಸತಿ ಇಲ್ಲ. ಗಡುವಿನೊಳಗೆ ತಕರಾರು ಬಂದರೆ ಪರಿಶೀಲಿಸಲಾಗುವುದು. ಇದುವರೆಗೆ ಒಂದೂ ಬಂದಿಲ್ಲ. ಅದರಲ್ಲಿ ಹೇಳಿದ್ದ ಗಡುವು ಮಳೆಗಾಲದಲ್ಲೇ ಕಳೆದುಹೋಗಿತ್ತು.

"ಈ ಮಾತು ಅವತ್ತೇ ಅಲ್ಲಿತ್ತಾ?"

"ಇತ್ತು ಯಜಮಾನ್ರೇ."

"ಒಂದ್ ಸಲ ಓದಿ ಹೇಳಿದ್ರೆ ಅವರ ಗಂಟೇನ್ ಹೋಗ್ತಿತ್ತು?"

ನನಗೆ ಅಳು ಬಂತು. ಅವರು ಅಳಲಿಲ್ಲ. ಜನವಸತಿ ಇಲ್ಲ ಎಂಬ ಸಾಲನ್ನು ಬೆರಳಿಟ್ಟು ತೋರಿಸಿ ಎಂದರು. ತೋರಿಸಿದೆ. ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. "ಜನಾನೇ ಇಲ್ಲ ಅಂದ್ಮೇಲೆ ನಿಮ್ಗೆ ಇಲ್ಲೇನ್ ಕೆಲ್ಸ ಮೇಷ್ಟ್ರೇ?" ಎಂದು ಕೇಳಿ ಎದ್ದುಹೋದರು.

ಕೆಲವೇ ದಿನಗಳಲ್ಲಿ ಜವಾನನೊಬ್ಬ ಸೈಕಲ್ಲಿನಲ್ಲಿ ಬಂದು ನನ್ನ ಕೈಗೆ ವರ್ಗಾವಣೆಯ ಆದೇಶ ಕೊಟ್ಟ. ಸದರಿ ಸ್ಥಳದಲ್ಲಿ ಮಕ್ಕಳಿಲ್ಲದ ಕಾರಣ ಶಾಲೆಯನ್ನು ಮುಚ್ಚಲಾಗಿದೆ ಎಂದು ಅದರಲ್ಲಿತ್ತು. ಒಳಗೆ ಮಕ್ಕಳು ಜೋರಾಗಿ ಮಗ್ಗಿ ಹೇಳುತ್ತಿದ್ದರು. ಎಲ್ಲಿ ಸಹಿ ಹಾಕಬೇಕೆಂದು ಜವಾನ ಹೇಳಿದ್ದು ಕೇಳಿಸದೆ, ನಾನು ಮಕ್ಕಳನ್ನು ಸುಮ್ಮನಿರಿ ಎಂದು ಗದರಿಸಬೇಕಾಯಿತು.