ತೊರಿಬಿಯೊ ಮಾವನ ಪೀಪಾಯಿ

ಪೋರ್ಟೊ ರಿಕೊದ ನಮ್ಮ ಲೋಯಿಸಾ ಊರಿನಲ್ಲಿ ಬೊಂಬಾ ಕುಣಿತಕ್ಕೆ ಮುಖ್ಯ ಪೀಪಾಯಿ ಬಾರಿಸುವವರು ತೊರಿಬಿಯೊ ಮಾವ. ವಾರವೆಲ್ಲ ಸಮುದ್ರದ ದಾರಿಯಲ್ಲಿ ಎಳನೀರು ಮಾರುತ್ತಾರೆ. ಭಾನುವಾರ ಮಧ್ಯಾಹ್ನ ಹಾಡುಗಾರ್ತಿ ವಿಲ್ಮಾರಿಯ ಅಂಗಳದಲ್ಲಿ, ಹಳೇ ರಮ್ ಪೀಪಾಯಿಗೆ ಆಡಿನ ಚರ್ಮ ಬಿಗಿದ ವಾದ್ಯವನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೂರುತ್ತಾರೆ. ಪಕ್ಕದ ಪೀಪಾಯಿ ನನ್ನದು. ಒಂದೇ ತಾಳವನ್ನು ಬಿಡದೆ ಹೊಡೆಯುವುದಷ್ಟೇ ನನ್ನ ಕೆಲಸ. ಮಾವನ ಕೆಲಸವೇ ಬೇರೆ. ಕುಣಿಯುವವಳು ಭುಜ ಕುಲುಕಿದರೂ ಲಂಗ ಬೀಸಿದರೂ ಆ ಕ್ಷಣವೇ ಅವರ ಕೈ ಉತ್ತರ ಕೊಡಬೇಕು. ನಮ್ಮಲ್ಲಿ ವಾದ್ಯವೇ ಕುಣಿತದ ಬೆನ್ನು ಹತ್ತಿ ಓಡುತ್ತದೆ.

ಹಾಡು ಸ್ಪ್ಯಾನಿಷ್, ಪಲ್ಲವಿ ಕಾಂಗೋ ಕಡೆಯದಂತೆ. ಪಲ್ಲವಿಯ ಅರ್ಥ ಯಾರಿಗೂ ಗೊತ್ತಿಲ್ಲ. “ಗೊತ್ತಿದ್ದಿದ್ರೆ ಪಾದ್ರಿಗಳು ಹಾಡೋಕೇ ಬಿಡ್ತಿರ್ಲಿಲ್ಲ,” ಎಂದು ಮಾವ ಕಣ್ಣು ಮಿಟುಕಿಸುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಅವರ ಕಿವಿ ಮಂದವಾಯಿತು. ಯಾರಿಗೂ ಹೇಳಲಿಲ್ಲ. ಏನು ಕೇಳಿದರೂ ನಕ್ಕು ತಲೆಯಾಡಿಸಿಬಿಡುವರು. ಒಮ್ಮೆ ಹೆಂಡತಿ ಎರ್ಮಿನಿಯಾ ಅತ್ತೆ, “ಪಕ್ಕದ್ಮನೆ ಮುದುಕ ಹೋಗ್ಬಿಟ್ನಂತೆ ಕಣೋ,” ಅಂದರೆ, “ಒಳ್ಳೇದಾಯ್ತು, ನಂಗೂ ಒಂದ್ ತಟ್ಟೆ ಇಡು,” ಅಂದರಂತೆ.

ಆ ಭಾನುವಾರ ವಿಲ್ಮಾರಿ ನಡುವೆ ಹಾಡು ಬದಲಿಸಿದಳು. ನಾನೂ ತಾಳ ಬದಲಿಸಿದೆ. ಮಾವ ಮಾತ್ರ ಹಳೆಯದನ್ನೇ ಬಾರಿಸುತ್ತಿದ್ದರು. ಎಲ್ಲರೂ ಹಾಡು ಕುಣಿತ ನಿಲ್ಲಿಸಿದೆವು.

“ಮಾವ, ಕೇಳಿಸ್ಲಿಲ್ವಾ?” ಎಂದಳು ವಿಲ್ಮಾರಿ.

“ಕೇಳಿಸ್ತಲ್ಲ, ಚೆನ್ನಾಗ್ ಹಾಡ್ದೆ!”

ಯಾರೋ ಕಿಸಕ್ಕೆಂದರು. ನಮ್ಮ ಮುಖಗಳನ್ನು ನೋಡಿದ ಮಾವನಿಗೆ ಗೊತ್ತಾಗಿಹೋಯಿತು. ಪೀಪಾಯಿಗೆ ಬಟ್ಟೆ ಮುಚ್ಚಿ, ಟೋಪಿ ಹಾಕಿಕೊಂಡು ಹೊರಟೇಬಿಟ್ಟರು.

ಮುಂದಿನ ವಾರಗಳಲ್ಲಿ ಅವರ ಜಾಗದಲ್ಲಿ ವಿಲ್ಮಾರಿಯ ಗಂಡ ಕೂತ. ಕೈ ಜೋರು, ಆದರೆ ಕಣ್ಣು ಮುಚ್ಚಿಕೊಂಡು ಬಾರಿಸುವ ಚಾಳಿ. “ನಾನಿಲ್ಲಿ ಬೆವರು ಸುರಿಸ್ತಿದ್ರೆ ಇವ್ನು ಪ್ರಾರ್ಥನೆ ಮಾಡ್ತಿದಾನೆ!” ಎಂದು ಕುಣಿಯುವವರು ಬೈದರು.

ಈ ಸುದ್ದಿ ಎರ್ಮಿನಿಯಾ ಅತ್ತೆಯ ಅಂಗಡಿಗೆ ಮುಟ್ಟಿತು. ಅವರು ಏಡಿ ತುಂಬಿದ ವಡೆ ಕರಿದು ಮಾರುವವರು. ಮರು ಭಾನುವಾರ ಬಾಣಲೆ ಇಳಿಸಿ, ಎಣ್ಣೆ ಕಲೆಯ ಏಪ್ರನ್ ಕೂಡ ಬಿಚ್ಚದೆ, ಗಂಡನ ತೋಳು ಹಿಡಿದು ಎಳೆದುಕೊಂಡೇ ಬಂದರು.

“ಕಿವಿ ಕೇಳ್ಸಲ್ಲ ಕಣೇ!” ಎಂದು ಮಾವ ಕೂಗಿದರು.

“ಕೇಳ್ತಿದ್ದಾಗ ನನ್ನ ಮಾತು ಎಷ್ಟು ಕೇಳಿದ್ಯೋ ನೋಡಿದೀನಿ! ಕಣ್ಣಿದೆ ತಾನೆ? ಕೂತ್ಕೋ!”

ಮಾವ ಕೂತರು. ಪಕ್ಕದಲ್ಲಿ ನಾನು ತಾಳ ಶುರು ಮಾಡಿದೆ. ಅತ್ತೆ ಏಪ್ರನ್ನಿನ ಅಂಚು ಹಿಡಿದು ಪೀಪಾಯಿಗೆ ಬಾಗಿದರು, ಹಿಂದೆ ನಮ್ಮ ಅಜ್ಜಿಯರು ನಮ್ಮನ್ನಾಳುತ್ತಿದ್ದ ಸ್ಪೇನಿನ ದೊರೆಸಾನಿಯರನ್ನು ಅಣಕಿಸುತ್ತ ಬಾಗುತ್ತಿದ್ದ ಹಾಗೆಯೇ, ಮೂಗು ಮೇಲೆ ಮಾಡಿ. ಆಮೇಲೆ ಎಡಭುಜ ಕುಲುಕಿದರು. ಢಬ್! ಮೊಣಕೈ ಝಾಡಿಸಿದರು. ಟಕ್! ಏಪ್ರನ್ ಎತ್ತಿ, ಬೀಸುವಂತೆ ಮಾಡಿ, ಬೀಸದೆ ಹಾಗೇ ನಿಂತರು. ಮಾವನ ಕೈಯೂ ಗಾಳಿಯಲ್ಲೇ ನಿಂತಿತು. ಅತ್ತೆ ನಕ್ಕುಬಿಟ್ಟರು. ಅಂಗಳವೆಲ್ಲ ಕೇಕೆ ಹಾಕಿತು.

ಒಂದು ಮಾತ್ರ ನನಗೆ ಬಗೆಹರಿಯಲಿಲ್ಲ. ನನ್ನ ತಾಳ ಇವರಿಗೆ ಸಿಗುತ್ತಿರುವುದು ಹೇಗೆ? ಬಗ್ಗಿ ನೋಡಿದರೆ, ಚಪ್ಪಲಿ ಬಿಟ್ಟ ಅವರ ಪಾದ ನನ್ನ ಪೀಪಾಯಿಗೆ ಒತ್ತಿಕೊಂಡಿತ್ತು.

“ಕಾಲು ತೆಗೀಬೇಕಾ?” ಎಂದರು ಮಾವ, ಸಿಕ್ಕಿಬಿದ್ದವರ ಹಾಗೆ.

ಬೇಡವೆಂದು ತಲೆಯಾಡಿಸಿ ಪೀಪಾಯಿಯನ್ನು ಇನ್ನಷ್ಟು ಅವರ ಕಡೆಗೆ ತಳ್ಳಿದೆ.

ಅಂದಿನಿಂದ ವಿಲ್ಮಾರಿ ಹಾಡು ಬದಲಿಸುವ ಮುನ್ನ ಅವರ ಮುಂದೆ ಬಂದು ಕೈಯೆತ್ತುತ್ತಾಳೆ. ಮೊನ್ನೆ ವಿಲ್ಮಾರಿಯ ನಾಲ್ಕು ವರ್ಷದ ಮಗಳು ಬಾಯಲ್ಲಿ ಮಾವಿನಹಣ್ಣು ಇಟ್ಟುಕೊಂಡೇ ನಡುವೆ ನುಗ್ಗಿ, ಪೀಪಾಯಿಗೆ ಬಾಗಿ, ಸೊಂಟ ತಿರುವಿದಳು. ಮಾವ ನಗಲಿಲ್ಲ. ಟೋಪಿ ತೆಗೆದು ಪಕ್ಕಕ್ಕಿಟ್ಟು, ಬೆನ್ನು ನೇರ ಮಾಡಿಕೊಂಡು, ಆ ಪುಟ್ಟ ಸೊಂಟಕ್ಕೆ ತಕ್ಕ ಉತ್ತರ ಕೊಡತೊಡಗಿದರು.