ಅಕ್ಕ ಉಪವಾಸ ಬಿಡಿಸಿದ ದಿನ

ಅಪಘಾತದ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದ ಹಿರಿಯ ನರ್ಸನ್ನು ನೆಲ ಒರೆಸುವವರಿಂದ ಹಿಡಿದು ಡಾಕ್ಟರುಗಳವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. "ನೀನು ಮನೆಗೆ ಬಂದಿದ್ದು ಗೊತ್ತಾಗೋದು ಚಪ್ಪಲಿ ಸದ್ದಿಂದಲ್ಲ, ನಿಟ್ಟುಸಿರಿಂದ" ಎಂದು ಗಂಡ ಛೇಡಿಸುತ್ತಿದ್ದ. ಆ ನಿಟ್ಟುಸಿರಿಗೆ ರೋಗಿಗಳು ಕಾರಣರಲ್ಲ.

ಆ ವಾರ ಬಂದವನು ಗೋಡೆಗೆ ಬಣ್ಣ ಬಳಿಯುವವನು. ಮೂರನೇ ಮಹಡಿಯ ಎತ್ತರದಿಂದ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು, ಹೊಟ್ಟೆಯೊಳಗೆ ರಕ್ತ ಒಸರಿತ್ತು, ತಲೆಗೂ ಪೆಟ್ಟು. ಬೆಳಿಗ್ಗೆ ಮೂಳೆ ಡಾಕ್ಟರು ಬಂದು, "ಇವತ್ತು ಆಪರೇಷನ್, ಬಾಯಿಗೆ ಏನೂ ಕೊಡಬೇಡಿ" ಎಂದು ಬರೆದು ಹೋಗುವರು. ಮಧ್ಯಾಹ್ನ ತಲೆ ಡಾಕ್ಟರು, "ಈಗಲೇ ಅರಿವಳಿಕೆ ಬೇಡ" ಎಂದು ಅದರ ಕೆಳಗೆ ಬರೆಯುವರು. ಸಂಜೆ ಹೊಟ್ಟೆ ಡಾಕ್ಟರು ಬಂದು, "ಪಾಪ, ಇನ್ನೂ ಯಾಕೆ ಉಪವಾಸ ಕೆಡವಿದೀರಿ?" ಎಂದು ಅಕ್ಕನನ್ನೇ ಗದರುವರು. ಎರಡು ದಿನ ಇದೇ ಪಾಡು.

ಮೂರನೆಯ ಬೆಳಿಗ್ಗೆ ಮತ್ತೆ ಅದೇ ಆದೇಶ. ಬಣ್ಣದವನ ಹೆಂಡತಿ ಅಕ್ಕನ ಸೆರಗು ಹಿಡಿದಳು. "ಅಕ್ಕಾ, ಇವರಿಗೆ ಬಲಗೈ ಬೆರಳು ಮಡಚೋಕೇ ಆಗ್ತಿಲ್ಲ. ಎಲ್ರಿಗೂ ಹೇಳ್ದೆ. ಒಬ್ರು ಅದು ನಂದಲ್ಲ ಅಂತಾರೆ, ಇನ್ನೊಬ್ರು ಬರೀ ಬಾವು ಅಂತಾರೆ."

ಅಕ್ಕ ಕೈ ನೋಡಿದಳು. ಮಣಿಕಟ್ಟು ಊದಿ ಸೊಟ್ಟಗಾಗಿತ್ತು. ಬ್ರಷ್ ಹಿಡಿಯುವ ಕೈ! ತಾನೂ ಎರಡು ದಿನ ಅದೇ ಕೈಯ ಪಕ್ಕದಲ್ಲಿ ನಿಂತು ಸಲೈನ್ ಬದಲಿಸಿದ್ದು ನೆನಪಾಗಿ ಅವಳಿಗೆ ತನ್ನ ಮೇಲೂ ಸಿಟ್ಟು ಉಕ್ಕಿತು. ಮೂವರಿಗೂ ಫೋನು ಮಾಡಿದಳು.

"ಸರ್, ಇವರಿಗೆ ಈಗ ಗಂಜಿ ಕೊಡ್ತಿದೀನಿ. ಮೂರೂ ಜನ ಒಟ್ಟಿಗೆ ಬಂದು ಒಂದೇ ಮಾತು ಹೇಳೋವರೆಗೂ ಉಪವಾಸ ಇಡಲ್ಲ."

"ಏನಮ್ಮಾ, ತಲೆ ಕೆಟ್ಟಿದ್ಯಾ? ನನ್ನ ಆಪರೇಷನ್ ಹಾಳಾಯ್ತು!" ಮೂಳೆಯವರು ಕೂಗಾಡಿದರು.

"ಅದು ಎರಡು ದಿನದಿಂದ ಹಾಳಾಗ್ತಾನೇ ಇದೆ ಸರ್."

ಅಕ್ಕ ಗಂಜಿ ಕುಡಿಸಿ ಮುಗಿಸುವಷ್ಟರಲ್ಲಿ ಅವಳನ್ನು ಬೈಯಲೆಂದೇ ಮೂವರೂ ಓಡಿಬಂದರು. ಬಂದವರು ಮೊದಲ ಬಾರಿ ಒಂದೇ ಮಂಚದ ಸುತ್ತ ನಿಂತರು. ಅಕ್ಕ ಕೈ ತೋರಿಸಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬರು ನೋಡಿರುತ್ತಾರೆ ಎಂದೇ ಎಲ್ಲರೂ ನಂಬಿದ್ದರು. ತಲೆಯಿಂದ ಪಾದದವರೆಗೆ ಮತ್ತೆ ಪರೀಕ್ಷೆಯಾಯಿತು, ಸ್ಕ್ಯಾನು, ಎಕ್ಸ್‌ರೇ ಆದವು. ಮಣಿಕಟ್ಟಿನ ಮೂಳೆ ಮುರಿದಿತ್ತು. ತಲೆ, ಹೊಟ್ಟೆ ಎರಡೂ ಸುಧಾರಿಸಿದ್ದವು. ಮರುದಿನ ಒಂದೇ ಅರಿವಳಿಕೆಯಲ್ಲಿ ಕಾಲು, ಕೈ ಎರಡನ್ನೂ ಸರಿಪಡಿಸುವುದೆಂದು ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು.

"ಹತ್ತು ನಿಮಿಷ! ಇದಕ್ಕೆ ಎರಡು ದಿನ ಮನುಷ್ಯನ್ನ ಒಣಗಿಸಿದ್ರಿ" ಎಂದು ಅಕ್ಕ ಗೊಣಗಿದ್ದು ಮೂವರಿಗೂ ಕೇಳಿಸಿತು.

ಆದರೂ ಮೂಳೆಯವರು ದೂರು ಕೊಟ್ಟರು. ಆದೇಶ ಮೀರಿದ್ದೇಕೆಂದು ಮೇಲಧಿಕಾರಿ ಕಾರಣ ಕೇಳಿದರು. "ಡಾಕ್ಟರುಗಳು ಮೂವರು, ರೋಗಿ ಒಬ್ಬನೇ ಆಗಿದ್ದರಿಂದ" ಎಂದು ಅಕ್ಕ ಒಂದೇ ಸಾಲು ಬರೆದುಕೊಟ್ಟಳು. ಎಚ್ಚರಿಕೆಯ ಪತ್ರ ಬಂತು. ಅದರ ಹಿಂದೆಯೇ, ದಿನಾ ಎಂಟು ಗಂಟೆಗೆ ಎಲ್ಲ ಡಾಕ್ಟರುಗಳೂ ಜೊತೆಯಾಗಿ ರೋಗಿಗಳನ್ನು ನೋಡಬೇಕೆಂಬ ಸುತ್ತೋಲೆಯೂ ಬಂತು. ತಲೆ ಡಾಕ್ಟರು ಇಂದಿಗೂ ಎಂಟೂಕಾಲಿಗೇ ಬರುತ್ತಾರೆ. ಅಕ್ಕ ಎಂಟು ಗಂಟೆ ಒಂದು ನಿಮಿಷಕ್ಕೆ ಫೋನು ತಿರುಗಿಸುತ್ತಾಳೆ.

ಬಣ್ಣದವನ ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿಯಿತು. ಬೆರಳುಗಳು ಮಾತ್ರ ಪೂರ್ತಿ ಮಡಚುತ್ತವೆ. ಏಣಿ ಹತ್ತಲು ಹೆಂಡತಿ ಬಿಡುವುದಿಲ್ಲವಾದ್ದರಿಂದ ಈಗ ಕಿಟಕಿ, ಬಾಗಿಲುಗಳಿಗಷ್ಟೇ ಬಣ್ಣ ಬಳಿಯುತ್ತಾನೆ.